ಮೆಟ್ರೋ ನಿಲ್ದಾಣಗಳ ಹೆಸರುಗಳಲ್ಲಿ ಬೆಂಗಳೂರಿನ ಇತಿಹಾಸ

ಸ್ಥಳನಾಮಗಳ ಅಭ್ಯಾಸವು ಇತಿಹಾಸ ಸಂಶೋಧನೆಗೆ ಎಷ್ಟು ಉಪಕಾರಕವೆಂಬುದು ಈ ಸಂಚಿಕೆಯ ವಾಚಕರಿಗೆ ವಿದಿತವೇ ಇದೆ. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟವಾಗಿ 1905ರಲ್ಲಿ ಹೊರತಂದಂದಿನಿಂದ ಆ ಸೀಮೆಯ ಹಳ್ಳಿಗಳ ಹಳೆಯ ಹೆಸರುಗಳು ವಿದ್ವಾಂಸರ ಕೈಗೆ ದೊರೆತಿವೆ. ಶಂ. ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ತಮ್ಮ ಗ್ರಂಥದಲ್ಲಿ ಊರುಗಳ ಹೆಸರುಗಳನ್ನೇ ಸಾಕ್ಷಿಯಾಗಿಟ್ಟುಕೊಂಡು ನಾಡಿನ ಪ್ರಾಚೀನತೆಯನ್ನು ಅರಸಿದರು. ಈ ಮಾರ್ಗದಲ್ಲಿ ನಡೆಯಬಯಸುವವರಿಗೆ ಇಂದು ಹೊಸದೊಂದು ಸಾಮಗ್ರಿ ಒದಗಿದೆ. ಅದು ಬೆಂಗಳೂರಿನ ಮೆಟ್ರೋ ರೈಲಿನ ನಿಲ್ದಾಣಗಳ ನಾಮಫಲಕಗಳು.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲ ರೈಲು ಓಡಿತು. ನೇರಳೆ ಮಾರ್ಗವು 2023ರಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ಣವಾಯಿತು. ಹಸಿರು ಮಾರ್ಗವು 2024ರಲ್ಲಿ ಮಾದಾವರವನ್ನು ಮುಟ್ಟಿತು. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಹಳದಿ ಮಾರ್ಗವು 16 ನಿಲ್ದಾಣಗಳನ್ನು ದಾಟಿ ಹೊಸೂರು ರಸ್ತೆಯ ಬೊಮ್ಮಸಂದ್ರದವರೆಗೆ ಬಂದಿದೆ. ಹೊಸೂರು ಸೀಮೆಯ ಕನ್ನಡಿಗರಾದ ನಮಗೆ ಈ ಮಾರ್ಗದ ಹೆಸರುಗಳು ಪರವೂರಿನವೆನಿಸುವುದಿಲ್ಲ. ಅಲ್ಲಿನ ಹಳ್ಳಿಗಳ ಹೆಸರಿನ ಅಂಗಾಂಗಗಳೇ ಗಡಿಯ ಈಚೆಗೂ ಹರಡಿಕೊಂಡಿವೆ. ಆದ್ದರಿಂದ ಈ ಹೆಸರುಗಳಲ್ಲಿ ಕೆಲವನ್ನು ಎತ್ತಿಕೊಂಡು, ಅವುಗಳ ಹಿಂದಿರುವ ಇತಿಹಾಸವನ್ನೂ ಐತಿಹ್ಯವನ್ನೂ ಬೇರೆಬೇರೆಯಾಗಿ ನೋಡಿ, ಅದರಿಂದ ಗಡಿನಾಡಿನ ಉಪಾಧ್ಯಾಯರು ಗ್ರಹಿಸಬೇಕಾದುದೇನೆಂಬುದನ್ನು ಈ ಲೇಖನದಲ್ಲಿ ವಿಚಾರಿಸುತ್ತೇವೆ.

1. ಊರಿನ ಹೆಸರು: ಕಥೆ ಮತ್ತು ಕಲ್ಲು

ನಿಲ್ದಾಣಗಳ ಹೆಸರಿಗೆ ಬರುವ ಮುನ್ನ ನಗರದ ಹೆಸರನ್ನೇ ನೋಡುವುದು ಯುಕ್ತ. ಹೊಯ್ಸಳ ವೀರಬಲ್ಲಾಳನು ಬೇಟೆಗೆ ಬಂದು ದಾರಿ ತಪ್ಪಿ, ಹಸಿದು, ಕಾಡಿನಲ್ಲಿದ್ದ ಒಬ್ಬ ಮುದುಕಿಯ ಗುಡಿಸಿಲಿಗೆ ಬಂದನಂತೆ. ಅವಳು ತನ್ನಲ್ಲಿದ್ದ ಬೆಂದ ಕಾಳನ್ನು ಕೊಟ್ಟು ಅವನ ಹಸಿವು ತಣಿಸಿದಳಂತೆ. ಅದರ ನೆನಪಿಗೆ ಆ ಎಡೆ ‘ಬೆಂದಕಾಳೂರು’ ಎನಿಸಿ, ಮುಂದೆ ಬೆಂಗಳೂರಾಯಿತಂತೆ. ಈ ಕಥೆಯನ್ನು ಕೇಳದ ಕನ್ನಡ ಮಗುವಿಲ್ಲ.

ಆದರೆ ಕಲ್ಲು ಬೇರೆ ಮಾತನ್ನು ಹೇಳುತ್ತದೆ. ಹಳದಿ ಮಾರ್ಗದ ಹೊಂಗಸಂದ್ರ ನಿಲ್ದಾಣದಿಂದ ದೂರವಲ್ಲದ ಬೇಗೂರಿನ ನಾಗನಾಥೇಶ್ವರ ದೇವಾಲಯದಲ್ಲಿ ಗಂಗರ ಕಾಲದ ಒಂದು ವೀರಗಲ್ಲಿದೆ. ಸುಮಾರು ಕ್ರಿ.ಶ. 890ರ ಈ ಶಾಸನವು ಬೆಂಗಳೂರಿನ ಕಾಳೆಗವೊಂದನ್ನು ಹೆಸರಿಸಿ, ಅದರಲ್ಲಿ ನಾಗತ್ತರನೆಂಬ ಅಧಿಕಾರಿಯ ಕಡೆಯವರು ಮಡಿದುದನ್ನು ತಿಳಿಸುತ್ತದೆ. ಇಮ್ಮಡಿ ವೀರಬಲ್ಲಾಳನು ಆಳಿದ್ದು 1173ರಿಂದ 1220ರವರೆಗೆ. ಎಂದರೆ ರಾಜನು ಹಸಿದು ಬರುವುದಕ್ಕೆ ಸುಮಾರು ಮುನ್ನೂರು ವರ್ಷ ಮುಂಚೆಯೇ ಆ ಹೆಸರಿನ ಊರಿತ್ತು. ಅಲ್ಲಿ ಯುದ್ಧವೂ ನಡೆದಿತ್ತು. ಹೆಸರಿಗೆ ಕಥೆ ಹುಟ್ಟಿತೇ ಹೊರತು ಕಥೆಯಿಂದ ಹೆಸರು ಹುಟ್ಟಲಿಲ್ಲ.

ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಇದಕ್ಕಿಂತಲೂ ಹಳೆಯದು. ಸುಮಾರು ಕ್ರಿ.ಶ. 750ರ, ಗಂಗ ಶ್ರೀಪುರುಷನ ಕಾಲದ ಆ ಬರಹದಲ್ಲಿ ‘ಪೆರ್ಬೊಳಲ್ ನಾಡು’ ಎಂಬ ಹೆಸರಿದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಕಾಲಾಂತರದಲ್ಲಿ ಪಕಾರವು ಹಕಾರವಾಗಿ ಪೆರ್ಬೊಳಲು ಹೆಬ್ಬಾಳವಾಯಿತು. ಭಾಷೆಯ ಚರಿತ್ರೆಯ ಪಾಠವೊಂದನ್ನು ಇಷ್ಟು ಚೊಕ್ಕವಾಗಿ ಹೇಳುವ ಉದಾಹರಣೆ ತರಗತಿಗೆ ಸುಲಭವಾಗಿ ಸಿಗದು.

2. ಸಂದ್ರವೆಂಬ ಸಮುದ್ರ

ಮೂರೂ ಮಾರ್ಗಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ‘ಸಂದ್ರ’ ಎಂಬ ಉತ್ತರಪದ. ನಾಗಸಂದ್ರ, ದೊಡ್ಡಕಲ್ಲಸಂದ್ರ, ಚನ್ನಸಂದ್ರ, ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ, ಹೀಗೆ ಆರು ಹೆಸರುಗಳಿವೆ. ಸಂದ್ರವೆಂಬುದು ಸಮುದ್ರ ಶಬ್ದವು ಜನರ ನಾಲಗೆಯಲ್ಲಿ ಸವೆದು ಉಳಿದ ರೂಪ. ಕಡಲಿಂದ ಬಲು ದೂರವಿರುವ ಈ ಬಯಲಿನಲ್ಲಿ ಸಮುದ್ರವೆಂದರೆ ಕೆರೆ. ದೊಡ್ಡ ಕೆರೆಯನ್ನು ಕಟ್ಟಿಸಿದವನ ಹೆಸರಿನೊಡನೆ ಸಮುದ್ರ ಶಬ್ದವನ್ನು ಸೇರಿಸಿ ಕರೆಯುವುದು ನಮ್ಮ ಪೂರ್ವಿಕರ ಪದ್ಧತಿ. ಅನಂತಪುರದ ಬಳಿ ವಿಜಯನಗರದ ಅರಸು ಬುಕ್ಕರಾಯನ ಹೆಸರು ಹೊತ್ತ ಬುಕ್ಕರಾಯಸಮುದ್ರವು ಇದಕ್ಕೆ ಪ್ರಸಿದ್ಧ ನಿದರ್ಶನ. ಅರಸನ ಕೆರೆಯು ಸಮುದ್ರವಾಗಿಯೇ ಉಳಿಯಿತು. ಊರ ಗೌಡನ ಕೆರೆಯು ಸಂದ್ರವಾಯಿತು. ಬೊಮ್ಮ, ನಾಗ, ಚನ್ನ, ಸಿಂಗ, ಇವೆಲ್ಲ ನಮ್ಮ ಹಳ್ಳಿಗಾಡಿನಲ್ಲಿ ಜನರು ಇಟ್ಟುಕೊಳ್ಳುತ್ತಿದ್ದ ಹೆಸರುಗಳು.

ಇಷ್ಟು ಕೆರೆಗಳ ಅಗತ್ಯವೇನಿತ್ತೆಂಬುದನ್ನೂ ನೋಡಬೇಕು. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿರುವ ಊರು. ಅದಕ್ಕೆ ಹತ್ತಿರ ದೊಡ್ಡ ಹೊಳೆಯಿಲ್ಲ. ಅಲ್ಲಿ ಬಿದ್ದ ಮಳೆಯ ನೀರು ಒಂದು ಕಡೆ ಅರ್ಕಾವತಿಗೂ ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೂ ಹರಿದುಹೋಗುತ್ತದೆ. ಹರಿದುಹೋಗುವುದನ್ನು ತಡೆದು ನಿಲ್ಲಿಸದೆ ಅಲ್ಲಿ ಬದುಕಿಲ್ಲ. ಆದ್ದರಿಂದ ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಬೀಳುವಂತೆ ಸಾಲು ಕೆರೆಗಳನ್ನು ಕಟ್ಟಿದರು. ಪೂರ್ವದ ಇಳಿಜಾರಿನ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಯನ್ನು ಕೂಡಿ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ ಬರುತ್ತದೆ. ರಾಜ್ಯಗಳ ಗಡಿಯನ್ನು 1956ರಲ್ಲಿ ಗೆರೆ ಹಾಕಿ ಗುರುತಿಸಿದರೂ ನೀರು ತನ್ನ ಹಳೆಯ ದಾರಿಯನ್ನು ಬಿಟ್ಟಿಲ್ಲ. ಆ ನಗರದ ಕೆರೆಗಳು ಕೆಟ್ಟರೆ ಕೊಳಕು ಬರುವುದು ನಮ್ಮ ಗದ್ದೆಗಳಿಗೇ. ‘ಸಂದ್ರ’ವೆಂಬ ಶಬ್ದದ ಅರ್ಥ ನಮ್ಮ ಮಕ್ಕಳಿಗೆ ತಿಳಿದಿರಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ನಗರದ ನಡುವಿನ ನಿಲ್ದಾಣಗಳ ಅಡಿಯಲ್ಲಿಯೂ ಕೆರೆಗಳೇ ಇವೆ. ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುವ ಮೆಜೆಸ್ಟಿಕ್ ಪ್ರದೇಶದಲ್ಲಿ ಹಿಂದೆ ಧರ್ಮಾಂಬುಧಿ ಎಂಬ ಕೆರೆ ಇತ್ತು. ಅಂಬುಧಿ ಎಂದರೂ ಸಮುದ್ರವೇ. ಹಳ್ಳಿಯವರು ಸಂದ್ರ ಎಂದುದನ್ನು ಪೇಟೆಯ ಪಂಡಿತರು ಅಂಬುಧಿ ಎಂದರು, ಭಾವ ಒಂದೇ. ಪೇಟೆಗೆ ನೀರುಣಿಸಿದ ಆ ಕೆರೆ ಬತ್ತಿ, ಮೈದಾನವಾಗಿ, ಕಡೆಗೆ ಬಸ್ ನಿಲ್ದಾಣವಾಯಿತು. ಕೃಷ್ಣರಾಜೇಂದ್ರ ಮಾರುಕಟ್ಟೆಯು 1921ರಲ್ಲಿ ತಲೆಯೆತ್ತಿದ್ದು ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಜಾಗದಲ್ಲಿ. ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಸಮೀಪದ ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಈ ಮೂರು ಕೆರೆಗಳಲ್ಲಿ ಒಂದರ ಹೆಸರೂ ನಿಲ್ದಾಣದ ಫಲಕದ ಮೇಲಿಲ್ಲ. ಹಳ್ಳಿಯ ಕೆರೆಗಳು ಬತ್ತಿದರೂ ಸಂದ್ರವೆಂಬ ಹೆಸರಿನಲ್ಲಿ ಉಳಿದುವು. ನಗರದ ನಡುವಣ ಕೆರೆಗಳು ಹೆಸರಿನೊಡನೆಯೇ ಹೋದುವು.

3. ಮರ, ಪಳ್ಳಿ, ಪಾಳ್ಯ, ಅಗ್ರಹಾರ

ಕೆರೆಯಾದ ಮೇಲೆ ಮರ. ಹಲಸೂರಿನ ಹೆಸರು ಹಲಸಿನ ಮರಗಳಿಂದ ಬಂದಿತು. ಇಂಗ್ಲಿಷರು ಅದನ್ನು ‘ಅಲ್ಸೂರ್’ ಎಂದು ಮಾಡಿಕೊಂಡರು. ಅತ್ತಿಗುಪ್ಪೆಯಲ್ಲಿ ಅತ್ತಿಮರವಿದೆ; ನಮ್ಮ ಗಡಿಯ ಬಾಗಿಲಾದ ಅತ್ತಿಬೆಲೆಯ ಹೆಸರಿನ ಮೊದಲಲ್ಲಿಯೂ ಅದೇ ಅತ್ತಿ. ಯಲಚೇನಹಳ್ಳಿಯು ಎಲಚಿಯ ಮುಳ್ಳುಗಿಡವನ್ನು ನೆನಪಿಗೆ ತರುತ್ತದೆ. ಸಂಪಿಗೆ ರಸ್ತೆಯಲ್ಲಿ ಸಂಪಿಗೆಯಿದೆ. ಆ ರಸ್ತೆ ಕರೆದೊಯ್ಯುವ ಕಾಡುಮಲ್ಲೇಶ್ವರ ದೇವಾಲಯದ ಹೆಸರಿನಲ್ಲಿ ಕಾಡೇ ಇದೆ. ಶಿವಾಜಿಯ ಮಲಸಹೋದರ ಏಕೋಜಿಯು 1669ರಲ್ಲಿ ಆ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟನೆಂದು ಅಲ್ಲಿಯ ಶಾಸನ ಹೇಳುತ್ತದೆ. ದತ್ತಿಯಾದ ಆ ಹಳ್ಳಿಯ ಹೆಸರನ್ನು ಇಂದು ಬಲ್ಲವರು ವಿರಳ.

‘ಹಳ್ಳಿ’ ಎಂಬ ಉತ್ತರಪದದ ನಿಲ್ದಾಣಗಳಂತೂ ಹತ್ತಕ್ಕೂ ಹೆಚ್ಚಿವೆ: ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಹೊಸಹಳ್ಳಿ, ದಾಸರಹಳ್ಳಿ, ಜಾಲಹಳ್ಳಿ, ಕುಂದಲಹಳ್ಳಿ, ವಾಜರಹಳ್ಳಿ, ಬೊಮ್ಮನಹಳ್ಳಿ ಮೊದಲಾದುವು. ಗಡಿಯನ್ನು ದಾಟಿದೊಡನೆ ಹೊಸೂರಿನ ಸುತ್ತ ಮೂಕಂಡಪಳ್ಳಿ, ಪೇರಂಡಪಳ್ಳಿ, ಕೆಲವರಪಳ್ಳಿ, ತೊರಪಳ್ಳಿ ಎಂಬ ಹೆಸರುಗಳು ಎದುರಾಗುತ್ತವೆ. ನೋಡುವವರಿಗೆ ಎರಡು ಭಾಷೆಗಳ ಎರಡು ಶಬ್ದಗಳೆಂದು ತೋರಬಹುದು. ವಸ್ತುತಃ ಶಬ್ದ ಒಂದೇ. ಹಳಗನ್ನಡದ ಪಳ್ಳಿಯು ಪೆರ್ಬೊಳಲಿನ ದಾರಿಯಲ್ಲೇ ನಡೆದು ಹಳ್ಳಿಯಾಯಿತು. ತಮಿಳಿನಲ್ಲಿ ಪಳ್ಳಿಯಾಗಿ, ತೆಲುಗಿನಲ್ಲಿ ಪಲ್ಲಿಯಾಗಿ ಅದು ಹಳೆಯ ಪಕಾರವನ್ನು ಉಳಿಸಿಕೊಂಡಿತು. ಹೊಸೂರಿನ ಸುತ್ತಿನ ಪಳ್ಳಿಗಳನ್ನು ಕಂಡು ‘ಇವು ಕನ್ನಡದ ಊರುಗಳಲ್ಲ’ ಎನ್ನುವುದೂ, ಬೆಂಗಳೂರಿನ ಪಾಳ್ಯಗಳನ್ನು ಕಂಡು ‘ಇವು ತಮಿಳಿನವು’ ಎನ್ನುವುದೂ ಒಂದೇ ಬಗೆಯ ಅವಸರದ ತೀರ್ಮಾನ. ನಲ್ಲೂರುಹಳ್ಳಿ ನಿಲ್ದಾಣದ ಹೆಸರನ್ನು ನೋಡಿರಿ: ನಲ್ಲೂರು ಎಂದರೇ ಒಳ್ಳೆಯ ಊರು, ಅದರ ಮುಂದೆ ಮತ್ತೊಂದು ಹಳ್ಳಿ ಸೇರಿದೆ. ಮೊದಲಿನ ಹೆಸರಿನ ಅರ್ಥವನ್ನು ಜನ ಮರೆತು, ಅದನ್ನು ಬರಿಯ ಅಂಕಿತವೆಂದು ಭಾವಿಸಿದಾಗ ಹೀಗಾಗುತ್ತದೆ.

ಗೊರಗುಂಟೆಪಾಳ್ಯ, ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ, ಸೀತಾರಾಮಪಾಳ್ಯ, ಈ ಹೆಸರುಗಳ ಪಾಳ್ಯವು ಪಾಳೆಯ ಎಂಬುದರ ರೂಪ. ದಂಡು ಬೀಡುಬಿಟ್ಟ ಸ್ಥಳಕ್ಕೆ ಪಾಳೆಯವೆಂದು ಹೆಸರು, ಅದನ್ನಾಳುವವನು ಪಾಳೆಯಗಾರ. ವಿಜಯನಗರದ ಕಾಲದಿಂದೀಚೆಗೆ ನಮ್ಮ ಸೀಮೆಯಾದ್ಯಂತ ಆಳಿದವರು ಇಂತಹ ಪಾಳೆಯಗಾರರೇ. ಮುಂದೆ ಪಾಳ್ಯವೆಂದರೆ ಸಾಮಾನ್ಯವಾಗಿ ಹೊಸದಾಗಿ ನೆಲೆಗೊಂಡ ಸಣ್ಣ ಊರೆಂಬ ಅರ್ಥವೇ ನಿಂತಿತು.

ಅಗ್ರಹಾರಗಳು ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟ ಊರುಗಳು. ಬೆರಟೇನ ಅಗ್ರಹಾರ, ಕೋನಪ್ಪನ ಅಗ್ರಹಾರ, ಪಟ್ಟಂದೂರು ಅಗ್ರಹಾರ ಎಂಬ ಮೂರು ನಿಲ್ದಾಣಗಳಿವೆ. ಇವುಗಳಲ್ಲಿ ಕೊನೆಯದು ನಮ್ಮ ವಿಶೇಷ ಗಮನಕ್ಕೆ ಅರ್ಹ. ರಾಜೇಂದ್ರ ಚೋಳನ ಕಾಲದ, ಕ್ರಿ.ಶ. 1043ರ ತಮಿಳು ಶಾಸನವೊಂದು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬುಗಳನ್ನಿಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠಾಪಿಸಿದವನು ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳನೆಂದು ತಿಳಿಸುತ್ತದೆ. ತಂದೆಯ ಹೆಸರು ಗಂಗರ ನಾಡಿನ ಅಚ್ಚಗನ್ನಡದ ಗಾವುಂಡನದು. ಮಗನ ಹೆಸರು ಚೋಳರ ಆಳ್ವಿಕೆಗೆ ಒಪ್ಪುವ ತಮಿಳು ಹೆಸರು. ರಾಜ್ಯ ಬದಲಾದಾಗ ಒಂದೇ ಮನೆಯೊಳಗೆ ಹೆಸರು ಹೇಗೆ ಬದಲಾಗುತ್ತದೆ ಎಂಬುದು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಆದರೆ ತಂದೆಯ ಕಾಲದ ಊರಿಗೆ ಮಗನು ಕಟ್ಟಿಸಿದ ಕೆರೆ ಮಾತ್ರ ಎರಡು ನುಡಿಯವರಿಗೂ ನೀರು ಕೊಟ್ಟಿತು.

4. ಐತಿಹ್ಯಗಳು

ಕಥೆಗಳನ್ನು ಇತಿಹಾಸವೆಂದು ಒಪ್ಪಲಾಗದೆಂದು ಮೇಲೆ ಹೇಳಿದೆವು. ಹಾಗೆಂದು ಅವನ್ನು ತಳ್ಳಿಹಾಕುವುದೂ ಸರಿಯಲ್ಲ. ಹಳದಿ ಮಾರ್ಗದ ರಾಗಿಗುಡ್ಡ ನಿಲ್ದಾಣವು ಜಯನಗರದ ಬಂಡೆಯ ಗುಡ್ಡವೊಂದರಿಂದ ಹೆಸರು ಪಡೆದಿದೆ. ಅದರ ಮೇಲೆ 1969ರಲ್ಲಿ ಪ್ರಸನ್ನ ಆಂಜನೇಯ ದೇವಾಲಯ ಆರಂಭವಾಯಿತು. ಆ ಗುಡ್ಡದ ಐತಿಹ್ಯ ಹೀಗಿದೆ. ಸುಧರ್ಮೆ ಎಂಬ ಸೊಸೆ ಕಣದಲ್ಲಿ ರಾಗಿಯನ್ನು ತೂರಿ ಬೆಟ್ಟದಷ್ಟು ರಾಶಿ ಹಾಕಿದ್ದಳು. ಮೂವರು ಭಿಕ್ಷುಕರು ಬಂದು ಬೇಡಿದರು. ಅವಳು ಮೊರದ ತುಂಬ ರಾಗಿಯನ್ನು ಎತ್ತಿ ಕೊಡಹೋದಾಗ ಅತ್ತೆ ತಡೆದಳು. ಬೇಡಿದವರಿಗಿಲ್ಲದ ಧಾನ್ಯ ಮನೆಗೇಕೆಂದು ನೊಂದ ಸುಧರ್ಮೆಯ ಮಾತಿಗೆ ರಾಶಿಯೆಲ್ಲ ಕಲ್ಲಾಯಿತು. ಬಂದ ಮೂವರು ತ್ರಿಮೂರ್ತಿಗಳೇ ಆಗಿದ್ದರು. ಅವರೂ ಮೂರು ಬಂಡೆಗಳಾಗಿ ಅಲ್ಲಿ ನಿಂತರು.

ಹಲಸೂರಿನ ಸೋಮೇಶ್ವರನ ಕಥೆ ಇನ್ನೊಂದು. ಯಲಹಂಕ ನಾಡಿನ ಪ್ರಭುವೊಬ್ಬನು ಬೇಟೆಯಾಡಿ ದಣಿದು ಮರದಡಿಯಲ್ಲಿ ಮಲಗಿದ್ದಾಗ ಶಿವನು ಕನಸಿನಲ್ಲಿ ಬಂದು, ಅಲ್ಲಿ ಲಿಂಗವೂ ನಿಧಿಯೂ ಹುದುಗಿವೆಯೆಂದೂ, ಅದರಿಂದ ಗುಡಿ ಕಟ್ಟಿಸಬೇಕೆಂದೂ ಹೇಳಿದನಂತೆ. ಪ್ರಭುವು ಹಾಗೆಯೇ ಮಾಡಿದನಂತೆ.

ಚಿಕ್ಕಪೇಟೆಯದು ಮೂರನೆಯ ಕಥೆ. 1537ರಲ್ಲಿ ಪೇಟೆಗೆ ಅಡಿಗಲ್ಲಿಡುವಾಗ ಕೆಂಪೇಗೌಡನು ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕದಲ್ಲಿ ನಾಲ್ಕು ಜೊತೆ ಬಿಳಿಯ ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೆ ಬಿಟ್ಟನಂತೆ. ಅವು ಎಳೆದ ಗೆರೆಗಳೇ ಬೀದಿಗಳಾದುವು. ಅವು ನಿಂತ ಕಡೆ ಹಲಸೂರು, ಸೊಂಡೆಕೊಪ್ಪ, ಯಲಹಂಕ, ಆನೇಕಲ್ಲುಗಳತ್ತಣ ಬಾಗಿಲುಗಳಾದುವು. ಕೋಟೆಯ ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮಮ್ಮ ತನ್ನನ್ನೇ ಬಲಿ ಕೊಟ್ಟುಕೊಂಡಳೆಂಬ ಕಥೆಯೂ ಇದೇ ಕಾಲಕ್ಕೆ ಸೇರುತ್ತದೆ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲ್ಲ ಕನ್ನಡಿಗರು ಈ ಲಕ್ಷ್ಮಮ್ಮನನ್ನು ಅವಳ ಒಡಹುಟ್ಟಿದವಳೆಂದೇ ಗುರುತಿಸುತ್ತಾರೆ.

ಈ ಕಥೆಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಇವುಗಳಲ್ಲಿ ವಿಜಯಯಾತ್ರೆಯಿಲ್ಲ, ಶತ್ರುಸಂಹಾರವಿಲ್ಲ. ಒಂದರಲ್ಲಿ ಬಡವಿಯೊಬ್ಬಳು ಕಾಳು ಕೊಟ್ಟಳು. ಒಂದರಲ್ಲಿ ಅತ್ತೆ ರಾಗಿ ಕೊಡಗೊಡಲಿಲ್ಲ. ಒಂದರಲ್ಲಿ ಸಿಕ್ಕಿದ ನಿಧಿ ಗುಡಿಗೆ ಸಂದಿತು. ಒಂದರಲ್ಲಿ ನೇಗಿಲು ಊರನ್ನು ಅಳೆಯಿತು. ಒಂದರಲ್ಲಿ ಹೆಣ್ಣೊಬ್ಬಳು ಪ್ರಾಣವನ್ನೇ ಕೊಟ್ಟಳು. ಮಳೆಯನ್ನೇ ನಂಬಿ ರಾಗಿ, ಹುರುಳಿ, ಅವರೆ ಬೆಳೆದು ಉಂಡ ಜನರು ತಮ್ಮ ಊರಿನ ಹೆಸರಿಗೆ ಕಾರಣ ಹುಡುಕುವಾಗ ಕೊಡುವುದನ್ನೂ ಕೊಡದಿರುವುದನ್ನೂ ದೊಡ್ಡ ಘಟನೆಯಾಗಿ ಎಣಿಸಿದರು. ಕಾಲನಿರ್ಣಯಕ್ಕೆ ಐತಿಹ್ಯವು ಒದಗದು. ಜನರ ಮನಸ್ಸನ್ನು ತಿಳಿಯುವುದಕ್ಕೆ ಒದಗುತ್ತದೆ. ತರಗತಿಯಲ್ಲಿ ಈ ಭೇದವನ್ನು ತೋರಿಸಿಕೊಟ್ಟರೆ ಮಕ್ಕಳು ಕಥೆಯನ್ನೂ ಕಳೆದುಕೊಳ್ಳುವುದಿಲ್ಲ, ಸತ್ಯವನ್ನೂ ಕಳೆದುಕೊಳ್ಳುವುದಿಲ್ಲ.

5. ದಂಡು ಮತ್ತು ಬಡಾವಣೆ

1809ರಲ್ಲಿ ಇಂಗ್ಲಿಷರ ದಂಡು ನೆಲಸಿದಂದಿನಿಂದ ಹೆಸರುಗಳ ಮೇಲೆ ಹೊಸದೊಂದು ಪದರ ಬಿತ್ತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರಿನ ಉದ್ಯಾನವನ್ನು 1870ರಲ್ಲಿ ರಿಚರ್ಡ್ ಸ್ಯಾಂಕಿ ನಿರ್ಮಿಸಿದರು. ಅದರ ಮೊದಲ ಹೆಸರು ಮೀಡ್ಸ್ ಪಾರ್ಕ್. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಅಧಿಕೃತ ನಾಮಕರಣವಾಯಿತು. ಆದರೂ ಜನರ ಬಾಯಲ್ಲಿ ಅದು ಕಬ್ಬನ್ ಪಾರ್ಕೇ. ಮೆಟ್ರೋ ಫಲಕದ ಮೇಲೆಯೂ ಅದೇ. ಇದಕ್ಕೆ ವಿರುದ್ಧವಾಗಿ ಸೌತ್ ಪೆರೇಡ್ ಎಂಬ ಹೆಸರು 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಗಿ, ಹಳೆಯದು ಪೂರ್ತಿಯಾಗಿ ಮರೆತುಹೋಯಿತು. ಪೂರ್ವದ ಕೊನೆಯ ನಿಲ್ದಾಣವಾದ ವೈಟ್‌ಫೀಲ್ಡ್, ಡಿ. ಎಸ್. ವೈಟ್ ಎಂಬವರ ಮುಂದಾಳುತನದಲ್ಲಿ ಆಂಗ್ಲೋ-ಇಂಡಿಯನ್ ಜನರು ಬೇಸಾಯ ಮಾಡಿಕೊಂಡಿರಲೆಂದು ಮಹಾರಾಜ ಚಾಮರಾಜೇಂದ್ರ ಒಡೆಯರು 1882ರಲ್ಲಿ ಕೊಟ್ಟ ಭೂಮಿ. ಆ ಫಲಕದ ಮೇಲೆ ಆವರಣದೊಳಗೆ ‘ಕಾಡುಗೋಡಿ’ ಎಂದೂ ಬರೆದಿದೆ. ಹಳೆಯ ಊರಿಗೆ ಆವರಣದೊಳಗಾದರೂ ಒಂದು ಎಡೆ ಸಿಕ್ಕಿದ್ದು ಸಮಾಧಾನದ ವಿಷಯ.

ಸ್ವಾತಂತ್ರ್ಯಾನಂತರದ ಬಡಾವಣೆಗಳ ಹೆಸರಿನಲ್ಲಿ ಹೊಸೂರಿಗೆ ನೇರವಾದ ಪಾಲೊಂದಿದೆ. ರಾಜಾಜಿನಗರ ನಿಲ್ದಾಣವು ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತಿದೆ. ಅವರು 1878ರಲ್ಲಿ ಹುಟ್ಟಿದ್ದು ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ. ಶಾಲೆ ಕಲಿತದ್ದು ಹೊಸೂರಿನಲ್ಲಿ. ಮುಂದೆ ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆ ಕಾಲೇಜಿನ ಎದುರಿನ ನಿಲ್ದಾಣಕ್ಕೆ ಅಲ್ಲಿಯೇ ಓದಿ 1881ರಲ್ಲಿ ಪದವೀಧರರಾದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಜಯನಗರದ ಅಂಚಿನ ಅಶೋಕ ಸ್ತಂಭವು 1948ರಲ್ಲಿ ಅನಾವರಣಗೊಂಡದ್ದು ಅಂದು ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹಸ್ತದಿಂದಲೇ. ಅದರ ಸಮೀಪದ ಸೌತ್ ಎಂಡ್ ವೃತ್ತದ ಹೆಸರು ಅಂದಿನ ನಗರದ ದಕ್ಷಿಣದ ಕೊನೆಯನ್ನು ಸೂಚಿಸುತ್ತದೆ. ಊರು ಬೆಳೆಯುವುದು ಇಷ್ಟರವರೆಗೇ ಎಂದು ಕೆಂಪೇಗೌಡರ ಗೋಪುರಗಳು ಹೇಳಿದುವೆನ್ನುವ ಕಥೆ ಲಾಲ್‌ಬಾಗಿನ ಬಂಡೆಯ ಮೇಲಿನ ಗೋಪುರಕ್ಕೂ ಅಂಟಿಕೊಂಡಿದೆ. ಗೋಪುರವೂ ಸುಳ್ಳಾಯಿತು, ಸೌತ್ ಎಂಡೂ ಸುಳ್ಳಾಯಿತು. ಅಲ್ಲಿಂದ ದಕ್ಷಿಣಕ್ಕೆ ಹಸಿರು ಮಾರ್ಗದಲ್ಲೇ ಇನ್ನೂ ಹತ್ತ್ಹನ್ನೊಂದು ನಿಲ್ದಾಣಗಳಿವೆ.

ಬಡಾವಣೆಗಳ ಹೆಸರಿಡುವ ಕ್ರಮದಲ್ಲಿ ಹಳ್ಳಿಗಳು ಹೇಗೆ ಕರಗಿದುವೆಂಬುದಕ್ಕೆ ಬಿ.ಟಿ.ಎಂ. ಲೇಔಟ್ ನಿಲ್ದಾಣವೊಂದೇ ಸಾಕು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಮೂರು ಅಕ್ಷರಗಳಾದುವು. ಬೈರನ ಸಮುದ್ರವೂ, ತಾವರೆಯ ಕೆರೆಯೂ ಅಲ್ಲಿದ್ದುವೆಂದು ಆ ಅಕ್ಷರಗಳನ್ನು ಓದಿ ಯಾರೂ ಊಹಿಸಲಾರರು.

6. ಫಲಕವೂ ನಾಲಗೆಯೂ

ಹೆಸರಿಗೆ ಎರಡು ಒಡೆತನಗಳಿವೆ. ಒಂದು ಸರಕಾರದ್ದು, ಇನ್ನೊಂದು ಆಡುವವರದ್ದು. ಮಾರ್ಗಗಳು ಕೂಡುವ ದೊಡ್ಡ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರನ್ನಿಟ್ಟದ್ದು ಸರ್ವಥಾ ಯೋಗ್ಯ. ಆದರೆ ಇಳಿಯುವವರು ‘ಮೆಜೆಸ್ಟಿಕ್’ ಎಂದೇ ಅನ್ನುತ್ತಾರೆ. ಆ ಹೆಸರನ್ನು ಕೊಟ್ಟ ಚಿತ್ರಮಂದಿರ ಅಲ್ಲಿಲ್ಲ, ಹೆಸರು ಉಳಿದಿದೆ. ಇದು ನಾಲಗೆಯ ಹಟ. ಇನ್ನೊಂದೆಡೆ ನಿಲ್ದಾಣಗಳ ನಿರ್ಮಾಣಕ್ಕೆ ಹಣದ ನೆರವು ಕೊಟ್ಟ ಸಂಸ್ಥೆಗಳ ಹೆಸರುಗಳು ಊರಿನ ಹೆಸರಿನ ಮುಂದೆ ಬಂದು ಕೂತಿವೆ. ಇನ್ಫೋಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ ಎಂಬಿವು ಹೀಗೆ ಹುಟ್ಟಿದುವು. ಕೆರೆ ಕಟ್ಟಿಸಿದ ಬೊಮ್ಮನ ಹೆಸರು ಊರಿಗೆ ಬಂದಂತೆ, ನಿಲ್ದಾಣಕ್ಕೆ ಹಣ ಕೊಟ್ಟವರ ಹೆಸರು ನಿಲ್ದಾಣಕ್ಕೆ ಬರುವುದರಲ್ಲಿ ಅನ್ಯಾಯವೇನೆಂದು ಕೇಳುವವರುಂಟು. ಪ್ರಶ್ನೆ ತೂಕವುಳ್ಳದ್ದೇ. ನಮ್ಮ ಉತ್ತರವಿಷ್ಟು: ಹೊಸ ಹೆಸರು ಹಳೆಯದರ ಪಕ್ಕದಲ್ಲಿ ನಿಂತಿರುವವರೆಗೆ ದೋಷವಿಲ್ಲ. ಆದರೆ ಬಾಯಿ ಉದ್ದದ ಹೆಸರನ್ನು ಸಹಿಸದು. ಅದು ಒಂದನ್ನು ಬಿಡುತ್ತದೆ. ಬಿಡುವುದು ಬೊಮ್ಮಸಂದ್ರವಾದರೆ ಒಂದು ಕೆರೆಯ ದಾಖಲೆಯೇ ಬಿಟ್ಟುಹೋದಂತೆ.

ಗಡಿನಾಡಿನವರಿಗೆ ಈ ಮಾತು ಕೇವಲ ಪಾಂಡಿತ್ಯದ್ದಲ್ಲ. ಹಳದಿ ಮಾರ್ಗದಲ್ಲಿ ‘ಹೊಸ ರೋಡ್’ ಎಂಬ ನಿಲ್ದಾಣವಿದೆ, ನೇರಳೆಯಲ್ಲಿ ಹೊಸಹಳ್ಳಿಯಿದೆ, ಇತ್ತ ನಮ್ಮದು ಹೊಸೂರು. ಮೂರರಲ್ಲಿಯೂ ಇರುವುದು ಒಂದೇ ‘ಹೊಸ’. ತಮಿಳು ಬರಹದಲ್ಲಿ ನಮ್ಮ ಊರಿನ ಹಕಾರ ಬಿದ್ದು ಅದು ‘ಓಸೂರು’ ಆಗುತ್ತದೆ. ಹಕಾರದೊಡನೆ ಅರ್ಥವೂ ಬಿದ್ದುಹೋಗುತ್ತದೆ. ಹೊಸ ಊರೆಂಬುದು ಓದುವ ಮಗುವಿಗೆ ಹೊಳೆಯುವುದಿಲ್ಲ. ಸಂದ್ರವನ್ನು ತಮಿಳು ಲಿಪಿಯಲ್ಲಿ ಬರೆದಾಗ ಸಕಾರ, ಚಕಾರಗಳಿಗೆ ಒಂದೇ ಅಕ್ಷರವಾದ್ದರಿಂದ ಅದನ್ನು ಚಂದ್ರನೆಂದು ಓದಿಕೊಳ್ಳುವುದು ಸುಲಭ. ಕೆರೆ ಹೋಗಿ ಚಂದ್ರ ಬಂದರೆ, ನಾಳೆ ಆ ಚಂದ್ರನಿಗೊಂದು ಕಥೆಯೂ ಹುಟ್ಟುತ್ತದೆ. ಬೆಂದಕಾಳೂರು ಹುಟ್ಟಿದ್ದೂ ಹೀಗೆಯೇ ಅಲ್ಲವೇ? ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಲಿಪಿಗೆ ತನ್ನ ನಿಯಮವಿದೆ. ಕಬ್ಬನ್ ಸಾಹೇಬರ ಜನ ಹಲಸೂರನ್ನು ಅಲ್ಸೂರೆಂದದ್ದೂ ಇಂತಹುದೇ. ಆದರೆ ಮೂಲ ರೂಪವನ್ನು ಬಲ್ಲವರು ಅದನ್ನು ಬರೆದಿಡದಿದ್ದರೆ ತಪ್ಪು ಅವರದಾಗುತ್ತದೆ.

7. ನಮ್ಮ ಕರ್ತವ್ಯ

ಬೆಂಗಳೂರಿನ ಹೆಸರುಗಳು ಅದೃಷ್ಟಶಾಲಿಗಳು. ಅವುಗಳಿಗೆ ರೈಸ್ ಅವರ ಸಂಪುಟವಿದೆ, ವೀರಗಲ್ಲುಗಳನ್ನು ಕಾಯುವ ಉತ್ಸಾಹಿಗಳಿದ್ದಾರೆ, ಈಗ ದಿನಕ್ಕೆ ಲಕ್ಷಾಂತರ ಜನರ ಕಿವಿಗೆ ಕನ್ನಡದಲ್ಲಿ ಬೀಳುವ ನಿಲ್ದಾಣದ ಘೋಷಣೆಯೂ ಇದೆ. ಬೇಗೂರಿನ ಒಂದು ಕಲ್ಲು ಉಳಿಯದಿದ್ದರೆ ಬೆಂಗಳೂರಿನ ಹೆಸರಿನ ಪ್ರಾಚೀನತೆಯನ್ನು ಕುರಿತು ನಾವು ಇಂದಿಗೂ ಮುದುಕಿಯ ಕಥೆಯನ್ನೇ ಪಾಠ ಹೇಳುತ್ತಿದ್ದೆವು. ಗಡಿಯ ಈಚಿನ ಹಳ್ಳಿಗಳ ಹೆಸರುಗಳಿಗೆ ಅಂತಹ ಆಸರೆ ಕಡಿಮೆ. ಹೊಸೂರು, ತಳಿ, ಬಾಗಲೂರು, ದೇನಕನಿಕೋಟೆಯ ಸುತ್ತಲಿನ ಹೊಲಗಳ ಹೆಸರು, ಕುಂಟೆಗಳ ಹೆಸರು, ತೋಪುಗಳ ಹೆಸರು ಇನ್ನೂ ಹಿರಿಯರ ಬಾಯಲ್ಲಿವೆ. ಕಾರ್ಖಾನೆಗಳೂ ಬಡಾವಣೆಗಳೂ ಬಂದಂತೆ ಹೊಲ ಹೋಗುತ್ತದೆ, ಹೊಲದೊಡನೆ ಹೆಸರು ಹೋಗುತ್ತದೆ.

ಪ್ರತಿಯೊಂದು ಶಾಲೆಯ ಉಪಾಧ್ಯಾಯರೂ ತಮ್ಮ ಊರಿನ ಮಕ್ಕಳಿಂದ ಒಂದು ಪಟ್ಟಿಯನ್ನು ಮಾಡಿಸಬಹುದು. ಊರಿನ ಹೆಸರನ್ನು ಹಿರಿಯರು ಉಚ್ಚರಿಸುವ ರೀತಿ, ಫಲಕದ ಮೇಲೆ ಬರೆದಿರುವ ರೀತಿ, ಹಳೆಯ ಪಹಣಿ ಪತ್ರಗಳಲ್ಲಿರುವ ರೀತಿ, ಆ ಹೆಸರಿಗೆ ಹೇಳುವ ಕಥೆ, ಊರಿನ ಕೆರೆ, ಮರ, ಗ್ರಾಮದೇವತೆ, ಬರಹವಿರುವ ಕಲ್ಲು, ಇವಿಷ್ಟನ್ನು ಅಂಕಣ ಹಾಕಿ ಬರೆಸಿದರೆ ಸಾಕು. ಕಥೆಯನ್ನು ಕಥೆಯೆಂದೂ, ಕಲ್ಲನ್ನು ಕಲ್ಲೆಂದೂ ಬೇರೆಬೇರೆಯಾಗಿ ಗುರುತಿಸಬೇಕು. ಕನ್ನಡದ ಹೆಸರು, ತೆಲುಗಿನ ಹೆಸರು, ತಮಿಳಿನ ಹೆಸರು ಎಂಬ ಪಕ್ಷಪಾತವಿಲ್ಲದೆ ಎಲ್ಲವನ್ನೂ ಸಂಗ್ರಹಿಸಬೇಕು. ಪೆರ್ಮಾಡಿ ಗಾವುಂಡನೂ ರಾಜರಾಜ ವೇಳನೂ ಒಂದೇ ಮನೆಯವರೆಂಬುದನ್ನು ಮರೆಯದವನಿಗೆ ಈ ಕೆಲಸ ಕಷ್ಟವಾಗದು.

ಮುಂದೊಂದು ದಿನ ಯಾವುದಾದರೂ ಹೊಸ ದಾರಿ ನಮ್ಮ ಹಳ್ಳಿಗಳ ಮೂಲಕ ಹಾಯ್ದು, ಅದಕ್ಕೆ ಹೆಸರಿಡುವವರು ಬಂದು ‘ಈ ಎಡೆಗೆ ಏನೆನ್ನುತ್ತಾರೆ?’ ಎಂದು ಕೇಳಬಹುದು. ಆಗ ನಮ್ಮ ಶಾಲೆಗಳ ಕಪಾಟಿನಲ್ಲಿ ಉತ್ತರ ಸಿದ್ಧವಾಗಿರಬೇಕು.